ಲಕ್ವಕ್ಕೆ ‘ಎನರ್ಜಿ’ ಮಷೀನ್: ದುಡ್ಡು ಕಟ್ಟೋ ಮೊದಲು ಇಷ್ಟು ತಿಳ್ಕೊಳ್ಳಿ

ಹೆಬ್ಬೂರು: ಲಕ್ವ ಹೊಡೆದು ವರ್ಷ ಕಳೆದರೂ ಕೈ ಎತ್ತಲಾಗದೆ ಕೂತವರಿದ್ದ ಮನೆಗೆ ‘ಒಂದು ಮಷೀನ್ ಇದೆ, ಟ್ರೈ ಮಾಡಿ’ ಎನ್ನುವವರು ಬಂದೇ ಬರುತ್ತಾರೆ. ಅಯಸ್ಕಾಂತ, ಇನ್‌ಫ್ರಾರೆಡ್, ಫ್ರೀಕ್ವೆನ್ಸಿ, ಜೈವಿಕ ಶಕ್ತಿ ಅಂತ ಹೆಸರು ಹಲವು. ಬೆಲೆ ಕೇಳಿದ್ರೆ ಹಸು ಮಾರಬೇಕು. ಹಾಗಾದರೆ ಇಂಥ ಉಪಕರಣ ಕೆಲಸ ಮಾಡುತ್ತೋ ಇಲ್ಲವೋ ಅಂತ ಗೊತ್ತಾಗೋದು ಹೇಗೆ?

ಸರಿಯಾದ ಪರೀಕ್ಷೆ ಅಂದ್ರೆ

ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಉಪಕರಣವನ್ನು ಬ್ರಿಟನ್, ಅಮೆರಿಕದಲ್ಲಿ 108 ಜನರ ಮೇಲೆ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಎಲ್ಲರಿಗೂ ಲಕ್ವ ಹೊಡೆದು ಕನಿಷ್ಠ 9 ತಿಂಗಳಾಗಿತ್ತು. ಆಪರೇಷನ್ ಮಾಡಿ ಎಲ್ಲರಿಗೂ ಉಪಕರಣ ಕೂರಿಸಿದರು, ಎಲ್ಲರಿಗೂ ಕಠಿಣ ವ್ಯಾಯಾಮ ಮಾಡಿಸಿದರು. ಆದರೆ ಅರ್ಧದಷ್ಟು ಜನರಿಗೆ ಮಾತ್ರ ನಿಜವಾದ ವಿದ್ಯುತ್ ಕೊಟ್ಟರು. ಯಾರಿಗೆ ಕೊಟ್ಟಿದ್ದು ಅನ್ನೋದು ರೋಗಿಗೂ ತಿಳಿಯದು, ಕೈ ಅಳೆದವರಿಗೂ ತಿಳಿಯದು.

ವಿದ್ಯುತ್ ಪಡೆದವರಲ್ಲಿ ಶೇ 47ರಷ್ಟು ಜನರಿಗೆ ಕೈ ಗಮನಾರ್ಹವಾಗಿ ಸುಧಾರಿಸಿತು. ಪಡೆಯದವರಲ್ಲೂ ಶೇ 24ರಷ್ಟು ಜನ ಸುಧಾರಿಸಿದರು! ಅಂದರೆ ಬರೀ ವ್ಯಾಯಾಮದಿಂದಲೂ ಕೈ ಬರುತ್ತದೆ. ಹೋಲಿಸಿ ನೋಡದಿದ್ದರೆ ಆ ಕೀರ್ತಿಯೂ ಮಷೀನ್‌ಗೇ ಹೋಗುತ್ತಿತ್ತು. ‘ಪಕ್ಕದೂರಿನವರಿಗೆ ವಾಸಿಯಾಯ್ತು’ ಎಂಬ ಮಾತು ಸಾಲದು ಅನ್ನೋದು ಇದಕ್ಕೇ.

ಉಲ್ಟಾ ಉದಾಹರಣೆಯೂ ಇದೆ. ಲಕ್ವ ಹೊಡೆದ ಮೊದಲ ದಿನವೇ ತಲೆಗೆ ಲೇಸರ್ ಬೆಳಕು ಹಾಯಿಸುವ ಚಿಕಿತ್ಸೆ 120 ಜನರ ಮೊದಲ ಪರೀಕ್ಷೆಯಲ್ಲಿ ಭರವಸೆ ಮೂಡಿಸಿತ್ತು. 660 ಜನರ ಎರಡನೇ ಪರೀಕ್ಷೆಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಮೂರನೆಯದನ್ನು ಪ್ರಯೋಜನವಿಲ್ಲವೆಂದು ಅರ್ಧಕ್ಕೇ ನಿಲ್ಲಿಸಿದರು.

ಮಷೀನ್ ತಂದವರನ್ನು ಕೇಳಿ

* ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ? ನಕಲಿ ಮಷೀನ್ ಜೊತೆ ಹೋಲಿಸಿದ್ದೀರಾ?
* ಇದೇ ಒಂದು ಪರೀಕ್ಷೆ ಅಂದ್ರೆ: ನೈತಿಕ ಸಮಿತಿಯ ಒಪ್ಪಿಗೆ, ಸಿಟಿಆರ್‌ಐ ನೋಂದಣಿ ಸಂಖ್ಯೆ, ನಮಗೆ ಅರ್ಥವಾಗೋ ಕನ್ನಡದಲ್ಲಿ ಒಪ್ಪಿಗೆ ಪತ್ರ ಇದೆಯಾ?
* ‘ಗ್ಯಾರಂಟಿ ವಾಸಿ’ ಅಂತಾರಾ? 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ ಪಾರ್ಶ್ವವಾಯು ಕೂಡ ಇದೆ. ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವಂತಿಲ್ಲ.

ಎಚ್ಚರ

ಸ್ಪರ್ಶ ತಿಳಿಯದ ಕೈಕಾಲಿಗೆ ಬಿಸಿ ಕೊಟ್ಟರೆ ಸುಟ್ಟರೂ ಗೊತ್ತಾಗದು. ಪೇಸ್‌ಮೇಕರ್ ಇದ್ದವರು ಅಯಸ್ಕಾಂತದ ಉಪಕರಣದಿಂದ ದೂರವಿರಿ. ಮಷೀನ್ ಇದೆ ಅಂತ ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಇನ್ನೊಮ್ಮೆ ಲಕ್ವ ಹೊಡೆಯಬಹುದು.

ಚೇತರಿಕೆ ಮೊದಲ 3ರಿಂದ 6 ತಿಂಗಳಲ್ಲಿ ಹೆಚ್ಚು, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಮಾಡಿಸಿ. 10 ಮೀಟರ್ ನಡೆಯಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ತಿಂಗಳಿಗೊಮ್ಮೆ ಬರೆದಿಡಿ. ಸುಧಾರಣೆ ಆಯ್ತಾ ಇಲ್ಲವಾ ಅಂತ ಆ ಲೆಕ್ಕವೇ ಹೇಳುತ್ತದೆ.

ಬಾಯಿ ಸೊಟ್ಟ, ಕೈ ಜೋಲು, ಮಾತು ತೊದಲು ಇವುಗಳಲ್ಲಿ ಯಾವುದು ದಿಢೀರನೆ ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೆಬ್ಬೂರಿನಿಂದ ತುಮಕೂರಿಗೆ ಹೋಗೋ ಹೊತ್ತು, ಸ್ಕ್ಯಾನ್ ಮಾಡೋ ಹೊತ್ತು ಎಲ್ಲ ಅದರೊಳಗೇ ಬರುತ್ತದೆ.