ಹಗಲಿನ ಚಂದ್ರ ಮತ್ತು 1799ರ ಮಳವಳ್ಳಿ

ಬಂಡೂರು ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಕುರಿ. ಆ ಕುರಿಗಳನ್ನು ಬೆಳಗ್ಗೆ ಬಯಲಿಗೆ ಹೊಡೆದುಕೊಂಡು ಹೋಗುವವರು, ಶಾಲೆಗೆ ನಡೆದು ಹೋಗುವ ಮಕ್ಕಳು, ಪಶ್ಚಿಮದ ಆಕಾಶದಲ್ಲಿ ಬಿಳಿಚಿಕೊಂಡು ನಿಂತ ಚಂದ್ರನನ್ನು ತಿಂಗಳಲ್ಲಿ ಹಲವು ದಿನ ನೋಡಿಯೇ ಇರುತ್ತಾರೆ. ಆದರೂ ಸೂರ್ಯ ಹಗಲಿಗೆ, ಚಂದ್ರ ರಾತ್ರಿಗೆ ಎಂಬ ಮಾತು ಮಾತ್ರ ನಮ್ಮ ಬಾಯಿಂದ ಹೋಗುವುದಿಲ್ಲ.

ನಾನು ಚಿಕ್ಕವನಿದ್ದಾಗ ಒಂದು ರಂಜಾನಿನ 27ನೆಯ ದಿನ, ಫಜರ್ ನಮಾಜು ಮುಗಿದು ಬೆಳಕು ಹರಿಯುವಾಗ, ಪೂರ್ವದಲ್ಲಿ ತೆಳ್ಳಗಿನ ಚಂದ್ರ ಕಂಡಿತು. "ಚಾಂದ್ ಕಾಣ್ತು, ನಾಳೆ ಈದ್" ಎಂದು ಬೀದಿಯಲ್ಲೆಲ್ಲಾ ಕೂಗಿಕೊಂಡು ಓಡಿದೆ. ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ಹಿಡಿದು ನಿಲ್ಲಿಸಿ, "ಅದು ಹೋಗೋ ಚಾಂದ್ ಬೇಟಾ, ಬರೋ ಚಾಂದ್ ಮಗರಿಬ್ ಹೊತ್ನಲ್ಲಿ ಪಡುವಣಕ್ಕೆ ಕಾಣ್ತದೆ" ಎಂದರು. ಅವರು ಶಾಲೆಗೆ ಹೋದವರಲ್ಲ. ಆದರೆ ಹಗಲಿನ ಚಂದ್ರನ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಆ ಒಂದು ಮಾತಿನಲ್ಲಿ ಬಂದುಬಿಟ್ಟಿತು. ಚಂದ್ರ ಸೂರ್ಯನಿಗಿಂತ ಮುಂದಿದ್ದಾನೋ ಹಿಂದಿದ್ದಾನೋ, ಎಷ್ಟು ದೂರದಲ್ಲಿದ್ದಾನೋ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಅಮಾವಾಸ್ಯೆಯ ದಿನ ಚಂದ್ರ ಸೂರ್ಯನ ಪಕ್ಕದಲ್ಲೇ ಹುಟ್ಟಿ ಪಕ್ಕದಲ್ಲೇ ಮುಳುಗುತ್ತಾನೆ. ಅಂದು ಇಡೀ ಹಗಲು ಆಕಾಶದಲ್ಲಿದ್ದರೂ ಕಾಣುವುದಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 12 ಡಿಗ್ರಿಯಷ್ಟು ಪೂರ್ವಕ್ಕೆ ಸರಿಯುತ್ತಾ, ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ವಾರ ಕಳೆದರೆ ಮಧ್ಯಾಹ್ನದ ಹೊತ್ತಿಗೆ ಹುಟ್ಟುವುದರಿಂದ ಶಾಲೆ ಬಿಡುವ ವೇಳೆಗೆ ಪೂರ್ವದ ಕಡೆ ಅರ್ಧ ಚಂದ್ರ ಕಾಣುತ್ತದೆ. ಹುಣ್ಣಿಮೆಯಂದು ಸೂರ್ಯನಿಗೆ ನೇರ ಎದುರು ಇರುವುದರಿಂದ ಹಗಲಿನಲ್ಲಿ ಕೆಳಗೇ ಇರುತ್ತಾನೆ. ಹುಣ್ಣಿಮೆ ಕಳೆದು ವಾರವಾದರೆ ನಡುರಾತ್ರಿ ಹುಟ್ಟಿ ಮಧ್ಯಾಹ್ನದ ಹೊತ್ತಿಗೆ ಮುಳುಗುತ್ತಾನೆ. ನಮ್ಮ ಕುರಿಗಾಹಿಗಳು ಬೆಳಗ್ಗೆ ನೋಡುವುದು ಈ ಚಂದ್ರನನ್ನೇ.

ನಕ್ಷತ್ರಗಳು ಹಗಲಿನಲ್ಲೂ ತಮ್ಮ ಜಾಗದಲ್ಲೇ ಇರುತ್ತವೆ. ಗಾಳಿಯಲ್ಲಿ ಚದುರಿದ ಸೂರ್ಯನ ಬೆಳಕು ಅವುಗಳನ್ನು ಮುಚ್ಚಿಬಿಡುತ್ತದೆ. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನಷ್ಟೇ ಹಿಂದಿರುಗಿಸಿದರೂ, ಹತ್ತಿರವೂ ದೊಡ್ಡದೂ ಆದ್ದರಿಂದ ಆ ನೀಲಿಯನ್ನು ಮೀರಿ ಕಾಣುತ್ತಾನೆ.

ಈ ತಿಳಿವಳಿಕೆ ಒಂದೇ ನಾಡಿನದಲ್ಲ. ಚಂದ್ರನ ಬೆಳಕು ಸೂರ್ಯನದೇ ಎಂದು ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಹೇಳಿದ. ಸೂರ್ಯನಿಂದ 12 ಡಿಗ್ರಿ ದೂರವಾದರೆ ಚಂದ್ರ ಕಣ್ಣಿಗೆ ಬೀಳುತ್ತಾನೆ ಎಂಬುದು ಭಾರತೀಯ ಜ್ಯೋತಿಷ ಗಣಿತದ ಹಳೆಯ ಸೂತ್ರ. 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಹಿಲಾಲ್ ಕಾಣುವ ಕೋಷ್ಟಕ ಮಾಡಿದ್ದು ಇದೇ ಭಾರತೀಯ ಸೂತ್ರದ ಮೇಲೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ (965–1040ರ ಸುಮಾರು) ಚಂದ್ರನ ಬೆಳಕಿನ ಬಗ್ಗೆಯೇ ಒಂದು ಗ್ರಂಥ ಬರೆದರು. ಚಂದ್ರ ಕನ್ನಡಿಯಂತೆ ಪ್ರತಿಫಲಿಸುವುದಿಲ್ಲ, ಬೆಳಗಿದ ಮೈಯ ಪ್ರತಿಯೊಂದು ಬಿಂದುವೂ ಎಲ್ಲ ಕಡೆಗೂ ಬೆಳಕು ಕೊಡುತ್ತದೆ ಎಂದು ಅದರಲ್ಲಿ ವಾದಿಸಿದರು. ಬಲವಾದ ಬೆಳಕಿನ ಮುಂದೆ ಮಂದ ಬೆಳಕು ಅಡಗುವುದರಿಂದ ಹಗಲು ನಕ್ಷತ್ರ ಕಾಣದು ಎಂಬುದನ್ನು ತಮ್ಮ 'ಕಿತಾಬುಲ್ ಮನಾಝಿರ್'ನಲ್ಲಿ ವಿವರಿಸಿದವರೂ ಅವರೇ.

ಹಗಲಿನ ಚಂದ್ರ ಫಿಕ್ಹಿನ ಗ್ರಂಥಗಳಲ್ಲೂ ಚರ್ಚೆಯಾಗಿದೆ. ತಿಂಗಳ 30ನೆಯ ಹಗಲು ಹಿಲಾಲ್ ಕಂಡರೆ ಅದು ಯಾವ ರಾತ್ರಿಗೆ ಸೇರಿದ್ದು? ಬರುವ ರಾತ್ರಿಗೆ ಎಂದರು ಇಮಾಮ್ ಅಬೂ ಹನೀಫಾ ಮತ್ತು ಇಮಾಮ್ ಮುಹಮ್ಮದ್. ಜವಾಲಿಗೆ, ಅಂದರೆ ಸೂರ್ಯ ನೆತ್ತಿಯಿಂದ ಇಳಿಯುವುದಕ್ಕೆ ಮುಂಚೆ ಕಂಡರೆ ಕಳೆದ ರಾತ್ರಿಯದು ಎಂದರು ಇಮಾಮ್ ಅಬೂ ಯೂಸುಫ್. ಅಷ್ಟು ಬೇಗ ಹಗಲಿನಲ್ಲಿ ಕಾಣುವ ಚಂದ್ರ ಹಿಂದಿನ ಸಂಜೆಯೇ ಇದ್ದಿರಬೇಕು ಎಂಬುದು ಅವರ ತರ್ಕ. ಗುರು ಶಿಷ್ಯರು ಹೀಗೆ ಭಿನ್ನವಾಗಿ ನುಡಿದೂ ಪರಸ್ಪರ ಗೌರವದಿಂದ ಇದ್ದರು. ಚಾಂದ್ ವಿಷಯಕ್ಕೆ ಪ್ರತಿ ವರ್ಷ ಜಗಳ ತೆಗೆಯುವ ನಾವು ಇದನ್ನು ಓದಿಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲೂ ಚಂದ್ರನ ಲೆಕ್ಕ ರಾಜ್ಯಭಾರದ ವಿಷಯವಾಗಿತ್ತು. ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನರು ಮೌಲೂದಿ ಎಂಬ ಹೊಸ ಶಕೆ ತಂದರು. ತಿಂಗಳುಗಳು ಚಾಂದ್ರಮಾನದವು. ಆದರೆ ಇಲ್ಲಿನ ಪಂಚಾಂಗದಂತೆ ಅಧಿಕಮಾಸ ಸೇರಿಸಿ ಋತುಗಳ ಜೊತೆ ಹೊಂದಿಸಿದರು. 60 ಸಂವತ್ಸರಗಳ ಚಕ್ರವನ್ನೂ ಹೊಸ ಹೆಸರುಗಳಲ್ಲಿ ಉಳಿಸಿಕೊಂಡರು. ಮೊದಲ ತಿಂಗಳು ಅಹ್ಮದಿ. 1787ರ ಸುಮಾರಿನಿಂದ ಅವರ ನಾಣ್ಯಗಳಲ್ಲಿ ಮೌಲೂದಿ 1215ರಿಂದ ಮುಂದಿನ ವರ್ಷಗಳು ಕಾಣುತ್ತವೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದೆ ನಾಣ್ಯ ಹಿಡಿದವರು ತಬ್ಬಿಬ್ಬಾಗುತ್ತಾರೆ.

ಇನ್ನು 1799. ಸುಲ್ತಾನರು ಹುತಾತ್ಮರಾದ ಮೇ 4, ಹಿಜರಿ 1213ರ ಝಿಲ್‌ಕಾದ್ 28. ಅಲ್ಲಿಂದ ಹಿಂದಕ್ಕೆ ಎಣಿಸಿದರೆ, ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯದೊಡನೆ ಯುದ್ಧ ನಡೆದ ದಿನ ಶವ್ವಾಲ್ 20ರ ಆಸುಪಾಸಿಗೆ ಬರುತ್ತದೆ. ಅಂದರೆ ಹುಣ್ಣಿಮೆ ಕಳೆದು ಆರೇಳು ದಿನ. ಆ ಬೆಳಗ್ಗೆ ಎರಡು ಸೈನ್ಯಗಳೂ ಅಣಿಯಾಗುವಾಗ ಸವೆದ ಚಂದ್ರ ನೈಋತ್ಯದ ಆಕಾಶದಲ್ಲಿ ಇಳಿಯುತ್ತಿದ್ದ. ಸುಲ್ತಾನರ ಸೈನ್ಯ ಹಿಂದೆ ಸರಿಯಿತು. ಹ್ಯಾರಿಸ್ ನೇರ ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿ ದಾಟಿದ.

ಏಪ್ರಿಲ್ 5ರಂದು ಶತ್ರುಗಳು ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟಾಗ ಅಮಾವಾಸ್ಯೆ. ಆ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಮೇಲೆ ದಾಳಿ ಮಾಡಹೋದ ಆರ್ಥರ್ ವೆಲ್ಲೆಸ್ಲಿ ಕತ್ತಲೆಯಲ್ಲಿ ದಾರಿ ತಪ್ಪಿ ಸೋತು ಹಿಂದಿರುಗಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಗೆದ್ದವನು ಇವನೇ.

ಅಲ್ಲಿಗೆ 29 ದಿನಕ್ಕೆ ಮತ್ತೆ ಅಮಾವಾಸ್ಯೆಯ ಅಂಚು. ಮೇ 4ರ ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ ಬ್ರಿಟಿಷರು ಕೋಟೆಗೆ ನುಗ್ಗಿದಾಗ ಚಂದ್ರ ಆಕಾಶದಲ್ಲೇ ಇದ್ದ, ಸೂರ್ಯನ ಪಕ್ಕದಲ್ಲೇ, ಯಾರ ಕಣ್ಣಿಗೂ ಬೀಳದಂತೆ. ಮರುದಿನ ಸುಲ್ತಾನರನ್ನು ಗುಂಬಜ್‌ನಲ್ಲಿ ತಂದೆಯವರ ಪಕ್ಕದಲ್ಲಿ ದಫನ್ ಮಾಡಲಾಯಿತು.