ದಿಮ್ಮಿಗೆ ಮುದ್ರೆ, ಬೆರಳಿಗೆ ಲೆಕ್ಕವಿಲ್ಲ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಳ್ಳಂಬೆಳ್ಳದ ದೊಡ್ಡ ಕೆರೆಯ ಹತ್ತಿರ ಬಸ್ಸು ನಿಂತಾಗಲೆಲ್ಲ ನನಗೆ ಚಾಚಾ ನೆನಪಾಗುತ್ತಾರೆ. ಅವರು ಈ ಭಾಗದ ಒಂದು ಸಾಮಿಲ್ಲಿನಲ್ಲಿ ದಿಮ್ಮಿ ತಳ್ಳುವ ಕೆಲಸಕ್ಕಿದ್ದರು. ಮನೆಯಲ್ಲಿ ನಾವು ಅದನ್ನು ‘ಆರಾ ಮಷಿನ್’ ಎನ್ನುತ್ತಿದ್ದೆವು. ಆರಾ ಎಂದರೆ ಗರಗಸ. ಅವರ ಬಲಗೈಯ ಎರಡು ಬೆರಳು ಆ ಗರಗಸಕ್ಕೆ ಹೋಗಿದ್ದವು. ಉಳಿದ ಮೂರು ಬೆರಳಿನಲ್ಲಿ ಅವರು ಅನ್ನ ಕಲಸುವುದನ್ನು ಮಕ್ಕಳಾದ ನಾವು ಕದ್ದು ನೋಡುತ್ತಿದ್ದೆವು. ‘ನನ್ನದೇ ತಪ್ಪು, ಕಣ್ಣು ಎಳೀತಿತ್ತು’ ಎನ್ನುತ್ತಿದ್ದರು. ರಾತ್ರಿಯೆಲ್ಲ ದುಡಿದವನನ್ನು ಬೆಳಿಗ್ಗೆ ಮತ್ತೆ ಗರಗಸದ ಮುಂದೆ ನಿಲ್ಲಿಸಿದವರು ಯಾರೆಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಗರಗಸಕ್ಕೇ ಕಣ್ಣು ಬಂದಿದೆ, ಇನ್ನು ಮರ ಕಡಿಯುವವರ, ಕೊಯ್ಯುವವರ ಕೈಕಾಲು ಉಳಿಯುತ್ತವೆ ಎಂಬ ಮಾತು ಕೇಳಿಬರುತ್ತಿದೆ. ಈ ಮಾತನ್ನು ತೂಗಿ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯಂತ್ರ ಬರುವ ಮೊದಲು ಮರ ಕೊಯ್ಯಲು ಇಬ್ಬರು ಬೇಕಿತ್ತು. ದಿಮ್ಮಿಯನ್ನು ಎತ್ತರಕ್ಕೇರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗಿಗೆಲ್ಲ ಹೊಟ್ಟು. ಸುಖದ ಕೆಲಸವೇನಲ್ಲ. ಆದರೆ ಒಬ್ಬ ದಣಿದರೆ ಗರಗಸವೂ ನಿಲ್ಲುತ್ತಿತ್ತು. ಹಬೆ, ಡೀಸೆಲ್, ವಿದ್ಯುತ್ತು ಬಂದ ಮೇಲೆ ಗರಗಸ ದಣಿಯುವುದನ್ನು ಬಿಟ್ಟಿತು. ಮನುಷ್ಯ ಮಾತ್ರ ದಣಿಯುತ್ತಲೇ ಉಳಿದ. ಅಪಾಯ ಹುಟ್ಟಿದ್ದು ಇಲ್ಲಿ.

ಕಾನೂನು ಇದನ್ನು ನಿಧಾನವಾಗಿ ಗುರುತಿಸಿತು. ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ 1881ರದು. ನೂರು ಜನರಿಗಿಂತ ಕಡಿಮೆ ಇರುವ ಕಡೆ ಅದು ತಲೆ ಹಾಕುತ್ತಿರಲಿಲ್ಲ. 1923ರಲ್ಲಿ ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕಲ್ಲಿದ್ದಲಿಲ್ಲದ ಆ ಸೀಮೆಯಲ್ಲಿ ಕುಲುಮೆ ಉರಿದದ್ದು ಸುತ್ತಲ ಕಾಡಿನ ಮರದ ಇದ್ದಿಲಿನಿಂದ. ಅದೇ 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಕಾಲಾಂತರದಲ್ಲಿ ತಿದ್ದುಪಡಿಯಾದ ಅದರ ಪಟ್ಟಿ ಅಂಗಾಂಗಕ್ಕೆ ಲೆಕ್ಕ ಹಾಕಿತು: ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7. ಒಂದೇ ಕೈಯ ಎರಡು ಬೆರಳು ಹೋದರೆ ಶೇ. 20.

ಕ್ರೂರವಾಗಿ ಕಂಡರೂ ಇದು ದೊಡ್ಡ ಹೆಜ್ಜೆ. ಬೆರಳಿಗೆ ಮಾಲೀಕ ಬೆಲೆ ಕಟ್ಟಬೇಕು ಎಂದಾದಾಗಲೇ ಬೆರಳನ್ನು ಕಾಯುವ ಮನಸ್ಸು ಹುಟ್ಟುವುದು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು, ಯಂತ್ರದ ಅಪಾಯಕಾರಿ ಭಾಗಕ್ಕೆ ಭದ್ರವಾದ ತಡೆ ಇರಲೇಬೇಕು ಎಂದಿತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಜನ ದುಡಿಯುತ್ತಿದ್ದರೆ ಮಾತ್ರ ಅದು ಕಾರ್ಖಾನೆ. ಅದಕ್ಕಿಂತ ಚಿಕ್ಕದನ್ನು ಒಳಗೆ ತರುವ ಅಧಿಕಾರ ರಾಜ್ಯ ಸರಕಾರಕ್ಕಿದ್ದರೂ, ಆರೇಳು ಜನರ ಮಿಲ್ಲಿನ ಬಾಗಿಲು ತಟ್ಟುವವರು ಅಪರೂಪ. ಕೆಲಸಕ್ಕಿದ್ದೆ ಎನ್ನಲು ಒಂದು ಚೀಟಿಯೂ ಇಲ್ಲದ ಚಾಚಾ ತಮ್ಮ ಶೇ. 20ನ್ನು ಯಾವ ಕಚೇರಿಯಲ್ಲಿ ಕೇಳಬೇಕಿತ್ತು?

ಅದೇ ದಿಮ್ಮಿಯ ಕಥೆ ನೋಡಿ. ಕಾಡಿನಿಂದ ಹೊರಟ ದಿಮ್ಮಿಗೆ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ ಬೇಕು, ಸಾಗಿಸಲು ಪರವಾನಗಿ ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಂದ್ರದ ಅನುಮತಿಯಿಲ್ಲದೆ ಅರಣ್ಯದೊಳಗೆ ಸಾಮಿಲ್ಲು ನಡೆಯಕೂಡದೆಂದು ಆದೇಶಿಸಿತು. ಮರ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರದ ಲೆಕ್ಕ ಇಷ್ಟು ಬಿಗಿಯಾದರೂ ಅದನ್ನು ತಳ್ಳುವವನ ಲೆಕ್ಕ ಸಡಿಲವಾಗಿಯೇ ಉಳಿಯಿತು.

ಬೇರೆ ದೇಶಗಳಲ್ಲಿ ಏನಾಯಿತು? ಟ್ರ್ಯಾಕ್ಟರು ಮಗುಚಿ ಜನ ಸಾಯುವುದನ್ನು ಕಂಡ ಸ್ವೀಡನ್, 1959ರಲ್ಲಿ ಹೊಸ ಟ್ರ್ಯಾಕ್ಟರಿಗೆಲ್ಲ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ಕೈಯಲ್ಲಿ ಹಿಡಿಯುವ ಚೈನ್ ಸಾ ಮುಖದ ಕಡೆ ಚಿಮ್ಮಿದರೆ ಸರಪಳಿಯನ್ನು ತಟ್ಟನೆ ನಿಲ್ಲಿಸುವ ಬ್ರೇಕು 1970ರ ದಶಕದಲ್ಲಿ ಬಂತು. 1999ರಲ್ಲಿ ಅಮೆರಿಕದ ಸ್ಟೀವ್ ಗಾಸ್, ಚರ್ಮ ತಾಗಿದ ಕೆಲವೇ ಮಿಲಿಸೆಕೆಂಡಿನಲ್ಲಿ ನಿಲ್ಲುವ ಗರಗಸ ಕಂಡುಹಿಡಿದರು. ಮೈಯೊಳಗೆ ವಿದ್ಯುತ್ತು ಹರಿಯುತ್ತದೆ, ಒಣ ಹಲಗೆಯಲ್ಲಿ ಹರಿಯುವುದಿಲ್ಲ ಎಂಬುದೇ ಅದರ ಗುಟ್ಟು. ಬೆರಳಿನ ಬದಲು ಮಾಂಸದ ಸಾಸೇಜ್ ತಾಗಿಸಿ ತೋರಿಸಿದರೂ ದೊಡ್ಡ ಕಂಪನಿಗಳು ಕೊಳ್ಳಲಿಲ್ಲ. ಅವರೇ ಕಂಪನಿ ಕಟ್ಟಬೇಕಾಯಿತು.

ಆದರೆ ಹಸಿ ಮರದಲ್ಲೂ ವಿದ್ಯುತ್ತು ಹರಿಯುತ್ತದೆ. ಅಲ್ಲಿ ಈ ಉಪಾಯ ತಡವರಿಸುತ್ತದೆ. ಕ್ಯಾಮೆರಾದ ಸರದಿ ಬಂದದ್ದು ಇಂಥ ಕಡೆ. ಜರ್ಮನಿಯ ಆಲ್ಟೆನ್‌ಡಾರ್ಫ್ ಕಂಪನಿಯ ಗರಗಸವೊಂದರ ಮೇಲೆ ಎರಡು ಕ್ಯಾಮೆರಾಗಳಿವೆ. ಅಸಂಖ್ಯ ಕೈಗಳ ಚಿತ್ರ ನೋಡಿ ಕಲಿತ ಕಂಪ್ಯೂಟರು, ಕೈ ಹತ್ತಿರ ಬರುತ್ತಲೇ ಅಲಗನ್ನು ಮೇಜಿನ ಕೆಳಕ್ಕೆ ಎಳೆದುಕೊಳ್ಳುತ್ತದೆ. ಇದೇ ವಿದ್ಯೆಯಿಂದ, ಭಾರಿ ಯಂತ್ರದ ಕ್ಯಾಬಿನ್ನಿನಲ್ಲಿ ಕೂತವನ ರೆಪ್ಪೆ ಮುಚ್ಚಿದರೆ ಎಚ್ಚರಿಸಬಹುದು. ಯಂತ್ರದ ಹಿಂದೆ ಮನುಷ್ಯ ಬಂದರೆ ಗಂಟೆ ಬಾರಿಸಬಹುದು.

ಚಾಚಾನ ಮುಂದೆ ಇಂಥದೊಂದು ಕಣ್ಣು ಇದ್ದಿದ್ದರೆ! ಈ ಆಸೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಂಪ್ಯೂಟರು ತಾನು ನೋಡಿದ್ದನ್ನು ಮಾತ್ರ ಕಲಿಯುತ್ತದೆ. ಹೆಲ್ಮೆಟ್ಟು, ಹೊಳೆಯುವ ಜಾಕೀಟು ತೊಟ್ಟವರ ಚಿತ್ರವನ್ನಷ್ಟೇ ಕಂಡಿದ್ದರೆ, ನೀಲಗಿರಿ ತೋಪಿನಲ್ಲಿ ಬನಿಯನ್ನು, ಲುಂಗಿ, ತಲೆಗೆ ಟವೆಲು ಸುತ್ತಿದ ನಮ್ಮವನನ್ನು ಅದು ಸರಿಯಾಗಿ ಗುರುತಿಸೀತೇ? ಗುರುತಿಸಿತೆಂದೇ ಇಟ್ಟುಕೊಳ್ಳೋಣ. ಗಂಟೆ ಬಾರಿಸಿದಾಗಲೆಲ್ಲ ಕೆಲಸ ನಿಲ್ಲುತ್ತದೆ. ದಿಮ್ಮಿಯ ಲೆಕ್ಕದಲ್ಲಿ ಕೂಲಿ ಪಡೆಯುವವನು ಮೊದಲು ಮಾಡುವ ಕೆಲಸ ಆ ಗಂಟೆಯ ತಂತಿ ಕೀಳುವುದು. ಅವನ ಕಣ್ಣು ಎಳೆಯುತ್ತಿದೆ ಎಂದು ಯಂತ್ರ ಹೇಳೀತು. ಹೋಗಿ ಮಲಗು ಎನ್ನಬೇಕಾದವನು ಮಾಲೀಕ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಹತ್ತಲ್ಲ, ಇಪ್ಪತ್ತು ಜನ ಬೇಕು. ಯಂತ್ರದ ಕಣ್ಣು ಚುರುಕಾಗುತ್ತಿರುವ ಹೊತ್ತಿಗೇ ಕಾನೂನು ಹೀಗೆ ದೂರ ಸರಿದಿದೆ.

ಕಳ್ಳಂಬೆಳ್ಳದ ಹೆದ್ದಾರಿ ಅಗಲವಾಗಿದೆ. ದಿಮ್ಮಿ ತುಂಬಿದ ಲಾರಿಗಳು ಈಗಲೂ ಹೋಗುತ್ತವೆ. ಕ್ಯಾಮೆರಾ ಬರಲಿ, ಬೇಗನೆ ಬರಲಿ. ಆದರೆ ಅದಕ್ಕೂ ಮೊದಲು ಒಂದು ಅಗ್ಗದ ನೋಟು ಪುಸ್ತಕ ಬರಲಿ. ಅದರಲ್ಲಿ ಕೆಲಸಗಾರನ ಹೆಸರು, ಅವನು ಎಷ್ಟು ಹೊತ್ತಿಗೆ ಬಂದ, ಎಷ್ಟು ಹೊತ್ತಿಗೆ ಮನೆಗೆ ಹೋದ ಎಂಬುದು ದಾಖಲಾಗಲಿ. ಚಾಚಾನ ಬೆರಳು ಉಳಿಸಲು ಅಷ್ಟೇ ಸಾಕಿತ್ತೇನೋ.