ಗದ್ದೆಯ ಗುಳ್ಳೆ, ಗಾಳಿಯ ಪಾಲು

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ನೀವು ಹೋಗಿದ್ದರೆ ಬಹುಶಃ ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವನ್ನು ನೋಡಲೆಂದೇ ಹೋಗಿರುತ್ತೀರಿ. ಸಾಲಾಗಿ ಐದು ಗರ್ಭಗುಡಿಗಳಿರುವ ಆ ಹೊಯ್ಸಳ ಗುಡಿ 13ನೆಯ ಶತಮಾನದ್ದು. ಅದರ ಶಿಲ್ಪದ ಮಾತು ಇನ್ನೊಮ್ಮೆ ಆಡೋಣ. ಈ ಸಲ ನಿಮ್ಮ ಗಮನವನ್ನು ಅಲ್ಲಿಗೆ ಹೋಗುವ ದಾರಿಯತ್ತ ಸೆಳೆಯಬೇಕಾಗಿದೆ. ಮೈಸೂರು ಕಡೆಯಿಂದ ಹೊರಟವರಿಗೆ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ನಾಲೆಯ ನೀರು, ಭತ್ತದ ಗದ್ದೆ, ಕಬ್ಬು ಕಾಣುತ್ತವೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ನೀರಿದೆ, ಮಂದಗೆರೆಯ ಹಳೆಯ ಅಣೆಕಟ್ಟೆಯಿದೆ. ನಾಗಮಂಗಲದ ಕಡೆ ತಿರುಗಿದರೆ ನೋಟವೇ ಬೇರೆ: ರಾಗಿ, ಹುರುಳಿ, ತೆಂಗು, ಮತ್ತು ಮಳೆಗಾಗಿ ಮೇಲೆ ನೋಡುವ ಜನ.

ಈ ಗದ್ದೆಗಳ ಮೇಲೆ 1990-91ರಲ್ಲಿ ಒಂದು ಅಂತರರಾಷ್ಟ್ರೀಯ ವಿವಾದವೇ ನಡೆಯಿತು. ಗದ್ದೆಯ ಒಡೆಯರಿಗೆ ಅದು ಗೊತ್ತಾಗಲಿಲ್ಲ, ಅವರ ಗಮನ ಆ ವರ್ಷ ಬೇರೆ ಕಡೆ ಇತ್ತು. ಆ ಬೇರೆ ಕಡೆಯ ವಿಚಾರಕ್ಕೂ ನಾನು ಬರುತ್ತೇನೆ.

ನೀರು ನಿಂತ ಗದ್ದೆಗೆ ಇಳಿದವರಿಗೆಲ್ಲ ತಿಳಿದಿರುವ ಸಂಗತಿಯೊಂದಿದೆ. ಕೆಸರಿನಲ್ಲಿ ಹೆಜ್ಜೆ ಊರಿದಾಗ ಬುಳಬುಳನೆ ಗುಳ್ಳೆ ಏಳುತ್ತದೆ. ಆ ಗುಳ್ಳೆಯಲ್ಲಿ ಮೀಥೇನ್ ಅನಿಲವಿರುತ್ತದೆ. ನೀರು ನಿಂತ ಮಣ್ಣಿಗೆ ಆಮ್ಲಜನಕ ತಲುಪುವುದಿಲ್ಲ. ಅಂಥ ಕಡೆ ಬದುಕಬಲ್ಲ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲು, ಗೊಬ್ಬರವನ್ನು ಅರಗಿಸಿ ಮೀಥೇನನ್ನು ಹೊರಬಿಡುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಗುಳ್ಳೆಯಾಗಿ ಬರುವುದೂ ಇಲ್ಲ. ಭತ್ತದ ಕಾಂಡದೊಳಗಿನ ಗಾಳಿಕೊಳವೆಗಳೇ ಅದಕ್ಕೆ ಚಿಮಣಿ. ತೂಕಕ್ಕೆ ತೂಕ ಹಿಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಇದು ಹಿಡಿದಿಡುತ್ತದೆ. ಆದರೆ ವಾತಾವರಣದಲ್ಲಿ ಇದರ ಆಯಸ್ಸು ಸುಮಾರು 12 ವರ್ಷ ಮಾತ್ರ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಇಂಗಾಲದಲ್ಲಿ ಒಂದು ಭಾಗ ಶತಮಾನಗಳ ಕಾಲ ಉಳಿಯುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಡಿ, ಜಗಳದ ಅರ್ಧ ಭಾಗ ಇದರಲ್ಲೇ ಇದೆ.

1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಒಂದು ಪಟ್ಟಿ ಪ್ರಕಟಿಸಿತು. ಭೂಮಿ ಬಿಸಿಯಾಗಲು ಯಾವ ದೇಶದ ಕಾಣಿಕೆ ಎಷ್ಟು ಎಂಬ ಪಟ್ಟಿ. ಮೊದಲ ಐದು ಸ್ಥಾನಗಳಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರೆಜಿಲ್, ಚೀನಾ, ಭಾರತ! ಕಾರಿನ ಮಾತಿರಲಿ, ಸೈಕಲ್ಲೂ ಎಲ್ಲರ ಮನೆಯಲ್ಲಿಲ್ಲದ ದೇಶ ಐದನೆಯ ಸ್ಥಾನಕ್ಕೆ ಹೇಗೆ ಏರಿತು? ಗದ್ದೆ ಮತ್ತು ದನಗಳಿಂದ, ಕಾಡು ಕಡಿದ ಲೆಕ್ಕದಿಂದ, ಜೊತೆಗೆ ಲೆಕ್ಕ ಹಾಕಿದ ಕ್ರಮದಿಂದ.

ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಕಿರುಪುಸ್ತಕವೊಂದನ್ನು ಬರೆದು ಈ ಕ್ರಮವನ್ನೇ ಪ್ರಶ್ನಿಸಿದರು. ಸಮುದ್ರ, ಕಾಡು, ಮಣ್ಣು ನಾವು ಬಿಡುವ ಅನಿಲದಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಆ ಹೀರಿಕೆಯ ಲಾಭ ಯಾರಿಗೆ ಸೇರಬೇಕು? ಹೆಚ್ಚು ಅನಿಲ ಬಿಟ್ಟವರಿಗೆ ಹೆಚ್ಚು ಎಂದು ವಾಷಿಂಗ್ಟನ್ನಿನ ಪಟ್ಟಿ ಹಂಚಿತ್ತು. ತಲೆಯೆಣಿಕೆಯಂತೆ ಹಂಚಬೇಕು ಎಂದರು ದೆಹಲಿಯವರು. ಹಾಗೆ ಹಂಚಿದ ಕೂಡಲೇ ಭಾರತದ ಅಪರಾಧ ಹೆಚ್ಚುಕಡಿಮೆ ಮಾಯವಾಗುತ್ತದೆ. ಹೊಟ್ಟೆಪಾಡಿಗಾಗಿ ಬಿಡುವ ಅನಿಲವನ್ನೂ ಭೋಗಕ್ಕಾಗಿ ಬಿಡುವ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಾದವನ್ನೂ ಅವರು ಮುಂದಿಟ್ಟರು.

ಇನ್ನು ಗದ್ದೆಯ ಅಂಕಿ. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 37.8 ದಶಲಕ್ಷ ಟನ್ ಮೀಥೇನ್ ಬರುತ್ತದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. ಯುರೋಪು, ಅಮೆರಿಕಗಳ ಗದ್ದೆಗಳಲ್ಲಿ ಅಳೆದ ಪ್ರಮಾಣವನ್ನು ನಮ್ಮ ಎಕರೆಗಳಿಗೆ ಗುಣಿಸಿ ಬಂದ ಸಂಖ್ಯೆ ಅದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ವಿಜ್ಞಾನಿಗಳು ದೇಶದ ಬೇರೆ ಬೇರೆ ಕಡೆ ಗದ್ದೆಗಿಳಿದು ಅಳೆದರು. ವಿಧಾನ ಬಹಳ ಸರಳ. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವಿಚಿಡುವುದು, ಸ್ವಲ್ಪ ಹೊತ್ತು ಬಿಟ್ಟು ಒಳಗಿನ ಗಾಳಿಯನ್ನು ಸಿರಿಂಜಿನಿಂದ ಎಳೆದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು. (ಕ್ಯಾಮೆರಾದವರಿಗೆ ಇದು ಕಷ್ಟದ ವಸ್ತು, ಕಾಣದ ಅನಿಲವನ್ನು ಪರದೆಯ ಮೇಲೆ ತೋರಿಸುವುದಾದರೂ ಹೇಗೆ? ಪೆಟ್ಟಿಗೆ ಮತ್ತು ಸಿರಿಂಜನ್ನೇ ತೋರಿಸಬೇಕು.) ಬಂದ ಉತ್ತರ ಸುಮಾರು 4 ದಶಲಕ್ಷ ಟನ್. ಅಂದಾಜಿನ ಹತ್ತರಲ್ಲೊಂದು ಪಾಲು.

ಇಷ್ಟೊಂದು ವ್ಯತ್ಯಾಸಕ್ಕೆ ಕಾರಣವನ್ನು ಮಂಡ್ಯದ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ನಮ್ಮ ಎಲ್ಲ ಗದ್ದೆಗಳಲ್ಲಿ ಎಲ್ಲ ಕಾಲದಲ್ಲೂ ನೀರು ನಿಲ್ಲುವುದಿಲ್ಲ. ದೇಶದ ಬಹಳಷ್ಟು ಭತ್ತ ಮಳೆಯನ್ನೇ ನಂಬಿದ್ದು. ನಾಲೆಯಿರುವ ಕಡೆಯೂ, ವಿಶ್ವೇಶ್ವರಯ್ಯ ನಾಲೆಯಲ್ಲಿ ನಡೆಯುವಂತೆ, ನೀರಿನ ಅಭಾವ ಬಂದಾಗ ಕಟ್ಟು ಪದ್ಧತಿ ಬರುತ್ತದೆ: ಕೆಲವು ದಿನ ನೀರು, ಕೆಲವು ದಿನ ಇಲ್ಲ. ಗದ್ದೆ ಆರಿದಾಗ ಮಣ್ಣಿಗೆ ಗಾಳಿ ಹೊಗುತ್ತದೆ, ಮೀಥೇನ್ ಇಳಿಯುತ್ತದೆ. ಹಾಗೆ ಆರಿಸಿ ತೋಯಿಸಿದಾಗ ಸಾರಜನಕ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಸ್ವಲ್ಪ ಹೆಚ್ಚಬಹುದು. ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು ಅದನ್ನು ಹೇಳದೆ ಬಿಡುವಂತಿಲ್ಲ.

ಈ ಅಂಕಿಯನ್ನು ಇಟ್ಟುಕೊಂಡೇ ಭಾರತ ಸಂಧಾನದ ಮೇಜಿಗೆ ಹೋಯಿತು. ಹವಾಮಾನ ಒಪ್ಪಂದದ ಮಾತುಕತೆ 1991ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ನಿನ ಸಮೀಪದ ಶಾಂಟಿಲಿಯಲ್ಲಿ ಆರಂಭವಾಯಿತು. ಭಾರತೀಯ ನಿಯೋಗದ ಮುಂದಾಳು ಚಂದ್ರಶೇಖರ ದಾಸ್‌ಗುಪ್ತ. ಪ್ರತಿಯೊಬ್ಬ ಮನುಷ್ಯನಿಗೂ ವಾತಾವರಣದಲ್ಲಿ ಸಮಪಾಲು ಎಂಬುದು ನಮ್ಮ ವಾದ. ಅದನ್ನು ಇದ್ದ ಹಾಗೆಯೇ ಯಾರೂ ಒಪ್ಪಲಿಲ್ಲ. 1992ರ ರಿಯೋ ಒಪ್ಪಂದದಲ್ಲಿ ಬಂದದ್ದು ರಾಜಿಯ ಮಾತು: ಹೊಣೆ ಎಲ್ಲರದು, ಆದರೆ ಸಮಸಮವಲ್ಲ.

ಈಗ ಆ ಬೇರೆ ಕಡೆಯ ವಿಚಾರ. ಶಾಂಟಿಲಿಯ ಸಭೆಯಾಗಿ ನಾಲ್ಕು ತಿಂಗಳಿಗೆ, 1991ರ ಜೂನ್ 25ರಂದು, ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ತಲುಪಬೇಕು, ಕರ್ನಾಟಕ ತನ್ನ ಕಾವೇರಿ ನೀರಾವರಿ ಪ್ರದೇಶವನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದು. ಆ ವರ್ಷದ ಉಳಿದ ಕಥೆ ನಿಮಗೆ ನೆನಪಿದ್ದೀತು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. 1924ರ ಫೆಬ್ರುವರಿ 18ರ ಒಪ್ಪಂದದಲ್ಲಿ ಮೈಸೂರಿಗೆ ಕನ್ನಂಬಾಡಿ ಕಟ್ಟೆಯ ಕೆಳಗೆ 1,25,000 ಎಕರೆ, ಮದರಾಸಿಗೆ ಮೆಟ್ಟೂರಿನ ಕೆಳಗೆ 3,01,000 ಎಕರೆ ಹೊಸ ನೀರಾವರಿ ಎಂದು ಗೊತ್ತುಮಾಡಲಾಯಿತು. ತಂಜಾವೂರಿನ ಹಳೆಯ ನೀರಾವರಿಗೆ ಧಕ್ಕೆಯಾಗಬಾರದು ಎಂಬುದು ಅದರ ಹಿಂದಿನ ನ್ಯಾಯ. ಮೊದಲು ಬಳಸಿದವರ ಬಳಕೆಯೇ ಹಕ್ಕಾಗುವುದಾದರೆ ತಡವಾಗಿ ಎದ್ದವರ ಪಾಡೇನು ಎಂದು ಕರ್ನಾಟಕ ಹತ್ತಾರು ವರ್ಷ ಕೇಳುತ್ತಾ ಬಂದಿದೆ. ಶಾಂಟಿಲಿಯಲ್ಲಿ ಭಾರತ ಕೇಳಿದ್ದೂ ಇದನ್ನೇ. 1997ರ ಕ್ಯೋಟೋ ಒಪ್ಪಂದದಲ್ಲಿ ಶ್ರೀಮಂತ ದೇಶಗಳ ಕಡಿತವನ್ನು ಅವು 1990ರಲ್ಲಿ ಬಿಡುತ್ತಿದ್ದ ಅನಿಲದಿಂದ ಅಳೆಯಲಾಯಿತು. ಅಂದರೆ ಅದುವರೆಗಿನ ಬಳಕೆಯೇ ಲೆಕ್ಕದ ಆರಂಭ. ಬೆಂಗಳೂರಿನಲ್ಲಿ ಒಪ್ಪದ ನ್ಯಾಯವನ್ನು ಕ್ಯೋಟೋದಲ್ಲಿ ಒಪ್ಪುವುದಾದರೂ ಹೇಗೆ?

ಹೋಲಿಕೆ ಒಂದು ಕಡೆ ಕುಂಟುತ್ತದೆ, ನಿಜ. ತಂಜಾವೂರಿನ ಭತ್ತ ಡೆಟ್ರಾಯಿಟಿನ ಕಾರಲ್ಲ. ಅಲ್ಲಿಯ ರೈತನದೂ ಹೊಟ್ಟೆಪಾಡೇ. ಆದರೂ ಕಾವೇರಿ ಬಯಲಿನವರಿಗೆ ಹವಾಮಾನ ರಾಜಕೀಯ ಅಪರಿಚಿತ ವಿಷಯ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಮುಂದಿನ ಇತಿಹಾಸವನ್ನು ಬೇಗ ಹೇಳಿಬಿಡಬಹುದು. ಕ್ಯೋಟೋಗೆ ಮೊದಲೇ, 1997ರ ಜುಲೈನಲ್ಲಿ, ಅಮೆರಿಕದ ಸೆನೆಟ್ 95-0 ಮತಗಳಿಂದ ನಿರ್ಣಯಿಸಿತು: ಬಡ ದೇಶಗಳಿಗೂ ಮಿತಿಯಿಲ್ಲದ ಒಪ್ಪಂದ ಬೇಡ. 2001ರಲ್ಲಿ ಆ ದೇಶ ಕ್ಯೋಟೋದಿಂದ ಹಿಂದೆ ಸರಿಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಡುವ ಏರ್ಪಾಡಾಯಿತು. ಅಮೆರಿಕ ಅದರಿಂದ 2020ರಲ್ಲಿ ಹೊರಗೆ ಹೋಯಿತು, 2021ರಲ್ಲಿ ಒಳಗೆ ಬಂತು, 2025ರ ಜನವರಿಯಲ್ಲಿ ಮತ್ತೆ ಹೊರಡುವುದಾಗಿ ಘೋಷಿಸಿತು. ಬಾಗಿಲಿನ ಬಿಜಾಗರಿಗೆ ಎಣ್ಣೆ ಬೇಕಾದೀತು!

ಭಿನ್ನಾಭಿಪ್ರಾಯ ದೇಶ ದೇಶಗಳ ನಡುವೆ ಮಾತ್ರ ಎಂದು ತಿಳಿಯಬೇಡಿ. 2009ರಲ್ಲಿ ಕೋಪನ್‌ಹೇಗನ್ ಸಮ್ಮೇಳನಕ್ಕೆ ಮೊದಲು ಪರಿಸರ ಸಚಿವ ಜೈರಾಮ್ ರಮೇಶ್ (ಚಿಕ್ಕಮಗಳೂರಿನಲ್ಲಿ ಹುಟ್ಟಿದವರು) ಲೋಕಸಭೆಯಲ್ಲಿ ಒಂದು ಘೋಷಣೆ ಮಾಡಿದರು. 2005ಕ್ಕೆ ಹೋಲಿಸಿದರೆ 2020ರ ಹೊತ್ತಿಗೆ, ಪ್ರತಿ ರೂಪಾಯಿ ಉತ್ಪನ್ನಕ್ಕೆ ತಗಲುವ ಅನಿಲವನ್ನು ಭಾರತ ಸ್ವಇಚ್ಛೆಯಿಂದ ಶೇಕಡಾ 20ರಿಂದ 25ರಷ್ಟು ಇಳಿಸುತ್ತದೆ ಎಂದು. ವಿರೋಧ ಪಕ್ಷಗಳಷ್ಟೇ ಅಲ್ಲ, ನಮ್ಮ ಸಂಧಾನಕಾರರಲ್ಲೇ ಕೆಲವರು ಅಸಮಾಧಾನ ತೋರಿದರು. ಕೇಳುವ ಮೊದಲೇ ಕೊಟ್ಟುಬಿಟ್ಟರೆ ಚೌಕಾಸಿಗೆ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. ಸಚಿವರ ಉತ್ತರ ಬೇರೆ: ಈ ಕ್ರಮ ನಮ್ಮ ಹಿತಕ್ಕೇ ಬೇಕು. ಇಬ್ಬರ ಮಾತಿನಲ್ಲೂ ಹುರುಳಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಬೇಸಾಯಗಾರನ ಕಡೆಯಿಂದ ನೋಡಿದರೆ ಸಚಿವರ ಮಾತು ಹೆಚ್ಚು ತೂಕದ್ದು. ಚೌಕಾಸಿ ಮುಗಿಯುವವರೆಗೆ ಮುಂಗಾರು ಕಾಯುವುದಿಲ್ಲವಷ್ಟೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಒಂದು ವರ್ಷದ ಬರವನ್ನು ಭೂಮಿಯ ಬಿಸಿಗೇ ಕಟ್ಟುವುದು ವಿಜ್ಞಾನವಲ್ಲ. ಆದರೆ ಮಳೆ ಏರುಪೇರಾದಾಗ ಮೊದಲು ಪೆಟ್ಟು ತಿನ್ನುವುದು ನಾಗಮಂಗಲದಂಥ ಒಣ ತಾಲ್ಲೂಕು, ಶಾಂಟಿಲಿಯಲ್ಲ.

ಇನ್ನೊಂದು ಪ್ರಶ್ನೆ ಮನೆಯೊಳಗಿನದು. ಭಾರತದ ಸರಾಸರಿ ಮನುಷ್ಯ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಅಮೆರಿಕದವನು ಅದರ ಏಳು ಪಟ್ಟು. ಆದರೆ ಈ 2 ಟನ್ ಯಾರದು? ಬೆಂಗಳೂರಿನ ಹವಾನಿಯಂತ್ರಿತ ಮನೆಯವನನ್ನೂ ಹುರುಳಿ ಬಿತ್ತುವವನನ್ನೂ ಕೂಡಿಸಿ ಭಾಗಿಸಿದ ಲೆಕ್ಕ ಅದು. ತಲೆಯೆಣಿಕೆಯ ನ್ಯಾಯವನ್ನು ಹೊರಗೆ ಕೇಳುವವರು ಒಳಗೂ ಕೇಳಬೇಕಾಗುತ್ತದೆ. ಕಾವೇರಿಯಲ್ಲಿ ಆ ಪ್ರಶ್ನೆ ಆಗಲೇ ಎದುರಾಗಿದೆ: 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚಿಗೆ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ.

ಗದ್ದೆಯ ಗುಳ್ಳೆಯ ವಿವಾದವೂ ಮುಗಿದಿಲ್ಲ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದ ವೇಳೆ, 2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟದಿಂದ ಶೇಕಡಾ 30ರಷ್ಟು ಇಳಿಸುವ ಪ್ರತಿಜ್ಞೆಗೆ ನೂರಕ್ಕೂ ಹೆಚ್ಚು ದೇಶಗಳು ಸೇರಿದವು. ಭಾರತ ಸೇರಲಿಲ್ಲ. ನಮ್ಮ ಮೀಥೇನ್ ಸಣ್ಣ ರೈತರ ದನ ಮತ್ತು ಭತ್ತದಿಂದ ಬರುವುದು, ಅದು ಜೀವನೋಪಾಯ ಎಂಬುದು ಸರ್ಕಾರದ ವಿವರಣೆ. 1991ರ ಕಿರುಪುಸ್ತಕದ ವಾದವೇ ಇದು.

ಇತ್ತ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಶಾರದಾ ಎಂಬ ಏರೋಬಿಕ್ ಭತ್ತದ ತಳಿಯನ್ನು ಬಿಡುಗಡೆ ಮಾಡಿತು. ಕೆಸರು ಮಾಡದೆ, ನೀರು ನಿಲ್ಲಿಸದೆ ರಾಗಿಯಂತೆ ಬೆಳೆಯುವ ಭತ್ತ. ರೂಪಿಸಿದ್ದು ನೀರು ಉಳಿಸಲಿಕ್ಕೆ, ಆದರೆ ನಿಂತ ನೀರಿಲ್ಲದಲ್ಲಿ ಮೀಥೇನಿಗೂ ಜಾಗವಿಲ್ಲ. ಹೀಗೆ ಉಳಿದ ಮೀಥೇನನ್ನು ಇಂಗಾಲದ ಮಾರುಕಟ್ಟೆಯಲ್ಲಿ ಮಾರುವ ಮಾತು ಈಗ ಕೇಳಿಬರುತ್ತಿದೆ. ಕೃಷಿಯಲ್ಲಿ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಯ ಚೌಕಟ್ಟನ್ನು ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಪ್ರಕಟಿಸಿತು. ಅದೇ ವರ್ಷ ನವೆಂಬರಿನಲ್ಲಿ ಬಾಕು ಸಮ್ಮೇಳನ ದೇಶಗಳ ನಡುವಿನ ಇಂಥ ವ್ಯಾಪಾರದ ನಿಯಮಗಳನ್ನು ಪೂರ್ಣಗೊಳಿಸಿತು. ಆ ನಿಯಮದಂತೆ, ಇಳಿಸಿದ ಅನಿಲವನ್ನು ಭಾರತ ಒಮ್ಮೆ ಹೊರದೇಶಕ್ಕೆ ಮಾರಿದರೆ ಅದು ಕೊಂಡವರ ಲೆಕ್ಕಕ್ಕೆ ಜಮಾ ಆಗುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ ಅದನ್ನು ಮತ್ತೆ ತೋರಿಸುವಂತಿಲ್ಲ.